ಸಂತೆಯ ಮೇಲೆ ಕಟ್ಟಿದ ಕೌದಿ

ಸೊಸೆಯಾಗಿ ಹನುಮಸಾಗರಕ್ಕೆ ಬಂದಾಗ ನನಗೆ ಹೊಂದಿಕೊಳ್ಳುವುದು ಕಷ್ಟವಾದದ್ದು ಇಲ್ಲಿನ ಜನರ ಜೊತೆಗಲ್ಲ, ಇಲ್ಲಿನ ಗಾಳಿಯ ಜೊತೆಗೆ. ನನ್ನ ತವರು ಗಂಗಾವತಿ ಕಡೆಯ ಸಿದ್ದಾಪುರ. ಅಲ್ಲಿ ಕಾಲುವೆ, ಭತ್ತದ ಗದ್ದೆ, ಕೆಸರು. ಒಣಹಾಕಿದ ಬಟ್ಟೆ ಸಂಜೆಯವರೆಗೂ ಹಾಕಿದಲ್ಲೇ ಇರುತ್ತಿತ್ತು. ಇಲ್ಲಿ ಮೊದಲ ವಾರವೇ ನನ್ನ ಸೀರೆಯೊಂದನ್ನು ಮೂರು ಮನೆ ದಾಟಿ ಹುಡುಕಿ ತಂದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಇಲ್ಲಿ ಅರಿವಿ ಹಾಕಿದ್ರ ಗಂಟು ಹಾಕಬೇಕವಾ," ಎಂದು ಒಳಗೆ ಹೋದರು. ಆ ದಿನ ಅವರು ನನ್ನ ಜೊತೆ ಆಡಿದ್ದು ಅದೊಂದೇ ಮಾತು.

ಮನೆಯಲ್ಲಿ ನಾವು ಮೂವರು. ಗಂಡ ಕರೆಂಟಿನ ಲೈನ್‌ಮನ್. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಾನು ತವರಿನಿಂದ ಒಂದು ಹೊಲಿಗೆ ಮಷೀನು ತಂದಿದ್ದೆ. ಪಡಸಾಲೆಯ ಕಿಟಕಿಯ ಪಕ್ಕ ಕೂತು ಓಣಿಯ ಹೆಂಗಸರಿಗೆ ಕುಪ್ಪಸ ಹೊಲಿದುಕೊಡುತ್ತಿದ್ದೆ. ಅತ್ತೆಗೆ ಆ ಮಷೀನಿನ ಸದ್ದು ಸೇರುತ್ತಿರಲಿಲ್ಲ. ಅವರದು ಕೈಹೊಲಿಗೆ. ಹಳೇ ಸೀರೆ, ಧೋತರ, ಹರಿದ ಅಂಗಿಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದರಲ್ಲಿ ನಮ್ಮ ಓಣಿಯಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಹೊಲಿಗೆ ಎಷ್ಟು ಒತ್ತಾಗಿರುತ್ತಿತ್ತೆಂದರೆ ಎರಡು ಹೊಲಿಗೆಗಳ ನಡುವೆ ಉಗುರು ಹೋಗುತ್ತಿರಲಿಲ್ಲ. ಬಾಣಂತಿಯಿದ್ದ ಮನೆಯಿಂದ, ಮದುವೆ ಗೊತ್ತಾದ ಮನೆಯಿಂದ ಅವರಿಗೆ ಕರೆ ಬರುತ್ತಿತ್ತು. ಹೋಗಿ ಹೊಲಿದುಕೊಟ್ಟು ಬರುತ್ತಿದ್ದರು. ಅದನ್ನು ಅವರಾಗಲಿ ನಾವಾಗಲಿ ದೊಡ್ಡದೆಂದು ತಿಳಿದಿರಲಿಲ್ಲ. ರೊಟ್ಟಿ ಬಡಿದಂತೆ, ಕಸ ಹೊಡೆದಂತೆ ಅದೂ ಒಂದು ಕೆಲಸ.

ಇಬ್ಬರು ಕಲಾವಿದೆಯರು ನಮ್ಮೂರಿಗೆ ಬಂದದ್ದು ನನ್ನ ಮದುವೆಯಾಗಿ ನಾಲ್ಕನೇ ವರ್ಷದಲ್ಲಿ. ಇಬ್ಬರೂ ಧಾರವಾಡದ ಕಡೆಯವರು, ಚಿತ್ರಕಲೆ ಕಲಿತವರು. ಒಬ್ಬಳು ಎತ್ತರ, ಒಬ್ಬಳು ಗಿಡ್ಡ. ಊರಿನ ಜನರ ಜೊತೆ ಸೇರಿ, ಊರಿನ ಜನರೆಲ್ಲ ಓಡಾಡುವ ಜಾಗದಲ್ಲಿ ಏನಾದರೂ ಮಾಡಬೇಕು ಎನ್ನುವುದು ಅವರ ಆಸೆ. ಏನು ಮಾಡುವುದೆಂದು ಅವರಿಗೇ ಗೊತ್ತಿರಲಿಲ್ಲ. ಮೂರು ವಾರ ಸುಮ್ಮನೆ ಸಂತೆಯಲ್ಲಿ ಕೂತರು. ಒಂದು ವಾರ ಉಳ್ಳಾಗಡ್ಡಿ ಮಾರುವವಳ ಪಕ್ಕ, ಇನ್ನೊಂದು ವಾರ ಮೆಣಸಿನಕಾಯಿಯವರ ಪಕ್ಕ. ಕೆಲವರು ಸರ್ವೆಯವರೆಂದುಕೊಂಡರು, ಕೆಲವರು ಸಾಲ ಕೊಡುವ ಸಂಘದವರೆಂದುಕೊಂಡರು. ಕೊನೆಗೆ ಉಳ್ಳಾಗಡ್ಡಿ ಮಾರುವವಳೇ ಬೇಸತ್ತು, "ನೀವು ಏನು ಮಾಡಾಕ ಬಂದೀರಿ ಹೇಳ್ರಿ ಮೊದಲ," ಎಂದಳಂತೆ.

ಎತ್ತರದವಳು, "ನಿಮಗೆ ಏನು ಬೇಕು ಅದನ್ನ ಮಾಡಾಕ ಬಂದೀವಿ," ಎಂದಳಂತೆ.

"ನಮಗ ನೆಳ್ಳ ಬೇಕು ನೋಡವಾ. ಮುಂಜಾನಿಂದ ಸಂಜಿತನ ಬಿಸಿಲಾಗ ಕುಂದರತೀವಿ. ತಲಿ ಮ್ಯಾಲ ಏನರ ಹಾಕಿಕೊಡ್ರಿ."

ಹಾಗೆ ಶುರುವಾಯಿತು. ಇದನ್ನು ನಾನು ಈಗ ಎಲ್ಲಿ ಹೋದರೂ ಹೇಳುತ್ತೇನೆ. ಬಣ್ಣ ಬಳಿಯುವುದನ್ನು ಕಲಿತು ಬಂದವರು ಅವರು. ನೆರಳು ಕೇಳಿದ್ದು ಉಳ್ಳಾಗಡ್ಡಿ ಮಾರುವ ಒಬ್ಬ ಹೆಂಗಸು.

ಬಟ್ಟೆಯ ಚಪ್ಪರ ಹೊಲಿಸಬೇಕೆಂದು ಅವರು ನನ್ನ ಮಷೀನು ಹುಡುಕಿಕೊಂಡು ಮನೆಗೆ ಬಂದರು. ನಾನು ಚಹಾ ಮಾಡಲು ಎದ್ದೆ. ಅಷ್ಟರಲ್ಲಿ ಗಿಡ್ಡ ಕಲಾವಿದೆ ಹಿತ್ತಲ ಗೋಡೆಯ ಮೇಲೆ ಬಿಸಿಲಿಗೆ ಹಾಕಿದ್ದ ಕೌದಿಯನ್ನು ನೋಡಿ ಹೊರಗೇ ನಿಂತುಬಿಟ್ಟಳು. ಬೆರಳಿಂದ ಹೊಲಿಗೆಯನ್ನು ಸವರುತ್ತಾ, "ಇದನ್ನ ಹೊಲಿದವರು ಯಾರ್ರಿ?" ಎಂದಳು.

"ಯಾಕ? ಮಾರಾಕ ಇಟ್ಟಿಲ್ಲ," ಎಂದರು ಅತ್ತೆ.

"ಕೊಳ್ಳಾಕ ಅಲ್ರಿ. ನಮಗ ಇಂಥಾದ್ದೊಂದು ಬೇಕು. ಸಂತಿ ತುಂಬ ಆಗುವಷ್ಟು ದೊಡ್ಡದು. ಊರಾಗಿನ ಎಲ್ಲಾ ಮನಿ ಅರಿವಿ ಕೂಡಿಸಿ."

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಸಂತಿಗೆ ಕೌದಿ ಹೊಚ್ಚತೀರೇನು? ಹುಚ್ಚ ಹಿಡದೈತಿ ನಿಮಗ," ಎಂದು ಒಳಗೆ ನಡೆದರು. ಆದರೆ ನಾನು ಒಪ್ಪಿಕೊಂಡೆ. ಯಾಕೆ ಒಪ್ಪಿದೆ ಎಂದು ಗಂಡ ಕೇಳಿದಾಗ ನನಗೆ ಸರಿಯಾಗಿ ಹೇಳಲಾಗಲಿಲ್ಲ. ನಾಲ್ಕು ವರ್ಷ ಕಿಟಕಿಯ ಪಕ್ಕ ಕೂತು ಬೇರೆಯವರ ಅಳತೆಗೆ ಹೊಲಿದಿದ್ದೆ. ಅಳತೆಯೇ ಇಲ್ಲದ ಒಂದು ಕೆಲಸ ಬಂದಿತ್ತು. ಅದಕ್ಕೇ ಇರಬೇಕು.

ಪಂಚಾಯಿತಿಯವರು ಬಳಕೆಯಲ್ಲಿಲ್ಲದ ಒಂದು ಹಳೇ ಸಾಲೆಯ ಕೋಣೆ ಬಿಟ್ಟುಕೊಟ್ಟರು. ನಾನು ಮತ್ತು ಕಲಾವಿದೆಯರು ಮನೆ ಮನೆಗೆ ಹೋಗಿ ಬಟ್ಟೆ ಕೇಳಿದೆವು. ಮೊದಮೊದಲು ಜನ ನೆಲ ಒರೆಸುವ ಅರಿವೆ ಕೊಟ್ಟರು. ಆಗ ಎತ್ತರದವಳು ಒಂದು ಮಾತು ಸೇರಿಸಿದಳು: "ಬಟ್ಟಿ ಕೊಡುವಾಗ ಅದು ಯಾರದು, ಯಾವಾಗಿಂದು ಅಂತ ಹೇಳ್ರಿ." ಅದೊಂದು ಮಾತಿಗೆ ಪೆಟ್ಟಿಗೆಗಳು ತೆರೆದವು. ಸೀಮಂತದಲ್ಲಿ ಉಟ್ಟ ಇಳಕಲ್ ಸೀರೆಯ ಸೆರಗು ಬಂತು. ನಿವೃತ್ತನಾದ ಜವಾನನೊಬ್ಬ ತನ್ನ ಖಾಕಿ ಅಂಗಿಯನ್ನು ಇಸ್ತ್ರಿ ಮಾಡಿಸಿ ತಂದುಕೊಟ್ಟ. ಒಬ್ಬ ತಾಯಿ ಮಗಳು ಹತ್ತನೇ ತರಗತಿ ಪಾಸಾದ ವರ್ಷದ ಸಾಲೆಯ ಲಂಗ ಕೊಟ್ಟು, "ನಮ್ಮ ಮನ್ಯಾಗ ಅಕೀನ ಮೊದಲನೇಕಿ," ಎಂದಳು. ಹತ್ತಿ ಬಿಡಿಸುವಾಗ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಉಡಿಬಟ್ಟೆಯನ್ನು ಒಬ್ಬಳು ಕೊಟ್ಟಳು. ಅದರ ಮೂಲೆಯಲ್ಲಿ ಇನ್ನೂ ಹತ್ತಿಯ ಎಳೆ ಅಂಟಿಕೊಂಡಿತ್ತು. ನನ್ನ ಅತ್ತೆ ಏನೂ ಕೊಡಲಿಲ್ಲ.

ಹೊಲಿಯಲು ಹದಿನೈದು ಇಪ್ಪತ್ತು ಹೆಂಗಸರು ಬರತೊಡಗಿದರು. ಹೊಲದ ಕೆಲಸ ಇಲ್ಲದ ದಿನ, ಕೂಲಿಗೆ ಕರೆಯದ ದಿನ, ಮಧ್ಯಾಹ್ನ ಅಡುಗೆ ಮುಗಿಸಿ. ನಾನು ಮಷೀನಿನಲ್ಲಿ ತುಂಡುಗಳನ್ನು ಜೋಡಿಸುತ್ತಿದ್ದೆ, ಅವರು ಮೇಲೆ ಕೈಹೊಲಿಗೆ ಹಾಕುತ್ತಿದ್ದರು.

ಒಂದು ಮಧ್ಯಾಹ್ನ ನಡೆದದ್ದನ್ನು ಹೇಳದೆ ಬಿಡುವಂತಿಲ್ಲ. ಊರ ಹೊರಗಿನ ಕೇರಿಯಿಂದ ಒಬ್ಬಾಕೆ ಒಂದು ಹಸಿರು ಸೀರೆ ತಂದಳು. ಕಟ್ಟಡದ ಕೆಲಸಕ್ಕೆ ಹೋಗುವವಳು, ಗಟ್ಟಿ ಕೈಯವಳು. ಬಾಗಿಲ ಹೊರಗೇ ನಿಂತು, "ನಾನೂ ಹೊಲಿಲೇನ್ರಿ?" ಎಂದು ಕೇಳಿದಳು. ಒಳಗಿದ್ದ ಒಬ್ಬಳು ತಲೆ ಎತ್ತದೆ, "ಅದನ್ನ ಆ ಕಡಿ ಬ್ಯಾರೆ ಪಟ್ಟಿಗೆ ಹಚ್ಚಿದ್ರ ಆತು," ಎಂದಳು. ಕಲಾವಿದೆಯರು ಆ ದಿನ ಕುಷ್ಟಗಿಗೆ ದಾರ ತರಲು ಹೋಗಿದ್ದರು. ಎಲ್ಲರೂ ನನ್ನನ್ನು ನೋಡಿದರು. ನಾನು ಸೀರೆಯನ್ನು ತೆಗೆದುಕೊಂಡೆ. ಒಳಗೆ ಬಾ ಎನ್ನಲಿಲ್ಲ. ಆಕೆ ಸ್ವಲ್ಪ ಹೊತ್ತು ನಿಂತು ಹೊರಟುಹೋದಳು.

ಮರುದಿನ ಬೆಳಿಗ್ಗೆ ಎದ್ದವಳೇ ಆ ಕೇರಿಗೆ ಹೋದೆ. ಆಕೆ ಕೆಲಸಕ್ಕೆ ಹೊರಡುತ್ತಿದ್ದಳು. "ಅಕ್ಕಾ, ನಿನ್ನಿ ನಂದು ತಪ್ಪಾತು. ಇವತ್ತು ಬಾ," ಎಂದೆ. ಆಕೆ ನನ್ನ ಮುಖವನ್ನೇ ನೋಡಿ, "ಇವತ್ತು ಸ್ಲ್ಯಾಬ್ ಹಾಕೋದೈತಿ. ನಾಳಿ ಬರ್ತೀನಿ," ಎಂದಳು. ಬಂದಳು. ನಾನು ಅವಳನ್ನು ನನ್ನ ಮಗ್ಗುಲಲ್ಲಿ ಕೂರಿಸಿಕೊಂಡೆ.

ಅದೇ ದಿನ, ಯಾವತ್ತೂ ಬಾರದ ಅತ್ತೆ ನನಗೆ ಬುತ್ತಿ ತಂದರು. ಜೊತೆಗೆ ಕಂಕುಳಲ್ಲಿ ಒಂದು ಗಂಟು. ಬಿಚ್ಚಿದರೆ ಮಾವನವರ ಧೋತರ. ಬಿದಿರಿನ ಬುಟ್ಟಿಯಲ್ಲಿ ಬೇವಿನ ಎಲೆ ಹಾಕಿ ಇಷ್ಟು ವರ್ಷ ಇಟ್ಟಿದ್ದರು. "ಹಚ್ಚು," ಎಂದರು. ನನ್ನ ಕೈಯಲ್ಲಿ ಆಗ ಇದ್ದದ್ದು ಆ ಹಸಿರು ಸೀರೆಯ ತುಂಡು. ನಾನು ಎದೆ ಗಟ್ಟಿ ಮಾಡಿಕೊಂಡು ಧೋತರವನ್ನು ಅದಕ್ಕೇ ಜೋಡಿಸಿ ಹಿಡಿದೆ. ಕೋಣೆಯಲ್ಲಿ ಎಲ್ಲರೂ ಅತ್ತೆಯ ಮುಖ ನೋಡುತ್ತಿದ್ದರು. ಯಾವ ಸೀರೆ, ಯಾರ ಸೀರೆ ಎಂದು ಅವರಿಗೂ ಗೊತ್ತಿತ್ತು. ನಮ್ಮೂರಲ್ಲಿ ಇಂಥ ಸುದ್ದಿ ಬಿದ್ದಲ್ಲೇ ಬಿದ್ದಿರುವುದಿಲ್ಲ. ಅತ್ತೆ ಬಗ್ಗಿ ನೋಡಿದರು.

"ಅಂಚು ಸೊಟ್ಟ ಹಿಡದೀ. ಸರಿ ಹಿಡಿ," ಎಂದರು.

ಆಮೇಲೆ ನನ್ನ ಕೈಯಿಂದ ಎರಡನ್ನೂ ಕಸಿದುಕೊಂಡು ಕೇರಿಯ ಆ ಹೆಂಗಸಿನ ಎದುರು ಕೂತರು. "ನೀ ಆ ತುದಿ ಜಗ್ಗಿ ಹಿಡಿಯವಾ," ಎಂದು ಹೇಳಿ ಸೂಜಿಗೆ ದಾರ ಪೋಣಿಸಿದರು. ಮರುದಿನದಿಂದ ಇಬ್ಬರು ಹೆಂಗಸರು ಬರುವುದನ್ನು ಬಿಟ್ಟರು. ಅವರಲ್ಲಿ ಒಬ್ಬಳು ಹದಿನೈದು ದಿನದ ಮೇಲೆ ಏನೂ ಆಗದವಳಂತೆ ಬಂದು ಕೂತಳು. ಇನ್ನೊಬ್ಬಳು ಕೊನೆಯವರೆಗೂ ಬರಲಿಲ್ಲ. ಅತ್ತೆ ಮಾತ್ರ ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. "ಎರಡು ಪದರಿಂದಕ್ಕ ಕೌದಿ ಅಂತಾರೇನು, ಇದು ಸೀತಕ್ಕೂ ಆಗಂಗಿಲ್ಲ, ಮಳಿಗೂ ಆಗಂಗಿಲ್ಲ," ಎಂದು ಗೊಣಗುತ್ತಲೇ ಎಲ್ಲರಿಗಿಂತ ಹೆಚ್ಚು ಹೊಲಿದರು.

ಎರಡು ತಿಂಗಳಲ್ಲಿ ಚಪ್ಪರ ಸಿದ್ಧವಾಯಿತು. ಹರವಿ ನೋಡಲು ಆ ಕೋಣೆ ಸಾಲದೆ ಸಾಲೆಯ ಮೈದಾನಕ್ಕೆ ಹೊತ್ತು ತಂದೆವು. ಅಷ್ಟು ದೊಡ್ಡ ಬಟ್ಟೆಯನ್ನು ನಾನು ಕಂಡಿರಲಿಲ್ಲ. ಊರಿಗೆ ಊರೇ ನೆಲದ ಮೇಲೆ ಹಾಸಿದಂತಿತ್ತು. ಗಂಡ ಮತ್ತು ಅವರ ಇಬ್ಬರು ಜೊತೆಗಾರರು ರಜೆಯ ದಿನ ಕುಣಿ ತೋಡಿ ನೀಲಗಿರಿಯ ಕಂಬ ನೆಟ್ಟರು. "ಕರೆಂಟಿನ ಕಂಬಕ್ಕ ಒಂದು ದಾರನೂ ಮುಟ್ಟಿಸಬ್ಯಾಡ್ರಿ," ಎಂದು ಕಲಾವಿದೆಯರಿಗೆ ಮೊದಲೇ ತಾಕೀತು ಮಾಡಿದ್ದರು.

ಸಂತೆಯ ದಿನ ಬೆಳಿಗ್ಗೆ ಚಪ್ಪರ ಏರಿತು. ಉಳ್ಳಾಗಡ್ಡಿ ಮಾರುವವಳು ಮೇಲೆ ನೋಡುತ್ತಾ ಬಾಯಿ ಬಿಟ್ಟುಕೊಂಡು ನಿಂತಳು. ಜನ ಬಂದು ತಮ್ಮ ತಮ್ಮ ಬಟ್ಟೆ ಎಲ್ಲಿದೆ ಎಂದು ಬೆರಳು ತೋರಿಸುತ್ತಿದ್ದರು. ಖಾಕಿ ಅಂಗಿಯ ಜವಾನ ತನ್ನ ಅಂಗಿಯ ಕೆಳಗೇ ಒಂದು ಗಂಟೆ ಕೂತಿದ್ದ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ನಮಗೆ ಗಾಳಿ ಹೊಸದಲ್ಲ, ಆದರೆ ಅಷ್ಟು ದೊಡ್ಡ ಬಟ್ಟೆಗೆ ಗಾಳಿ ತುಂಬಿದರೆ ಏನಾಗುತ್ತದೆ ಎಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಚಪ್ಪರ ಹೊಟ್ಟೆ ಉಬ್ಬಿಸಿಕೊಂಡು ಮೇಲೆದ್ದಿತು. ಕಂಬಗಳು ಬಾಗಿದವು. ಹಗ್ಗ ಕಿರುಗುಟ್ಟಿತು. ಆಮೇಲೆ ನಡುವಿನಿಂದ ಪರ್ರೆಂದು ಹರಿಯಿತು. ಒಂದು ಕಂಬ ಕಿತ್ತು ವಾಲಿತು. ಉಳಿದ ಬಟ್ಟೆಯೆಲ್ಲ ಟೊಮೆಟೊ, ಬದನೆಕಾಯಿ, ಜನರ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಅದೇ ಪುಣ್ಯ. ಕೆಳಗೆ ಸಿಕ್ಕಿಕೊಂಡವರು ನುಸುಳಿ ನುಸುಳಿ ಹೊರಬರುತ್ತಿದ್ದರೆ ಚಹಾದ ಅಂಗಡಿಯ ಮುಂದೆ ನಿಂತವರು ನಗುತ್ತಿದ್ದರು. "ಹೆಣ್ಮಕ್ಕಳ ಆಟ ಮುಗೀತು," ಎಂದು ಒಬ್ಬ ಗಟ್ಟಿಯಾಗಿಯೇ ಹೇಳಿದ.

ಬಟ್ಟೆಯನ್ನು ಸುತ್ತಿ ಸಾಲೆಯ ಕೋಣೆಗೆ ಹೊತ್ತು ತಂದೆವು. ಎತ್ತರದ ಕಲಾವಿದೆ ಮೂಲೆಯಲ್ಲಿ ಕೂತು ಅತ್ತಳು. ಅವಳ ಗೆಳತಿ, "ನಾವು ಓದಿದವರಿಗೆ ಇಷ್ಟೂ ತಿಳೀಲಿಲ್ಲ ನೋಡ್ರಿ. ನಿಮ್ಮೆಲ್ಲರ ಕೆಲಸ ಹಾಳು ಮಾಡಿದ್ವಿ," ಎಂದಳು. ಇವರು ನಾಳೆ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿಬಿಡುತ್ತಾರೆ, ಚಹಾದಂಗಡಿಯ ಆ ನಗು ನಮ್ಮ ಪಾಲಿಗೆ ಉಳಿಯುತ್ತದೆ ಎಂದು ನನಗನ್ನಿಸಿತು. ಸಿಟ್ಟೂ ಬಂತು.

ಅತ್ತೆ ಹರಿದ ಜಾಗವನ್ನು ತಿರುವಿ ತಿರುವಿ ನೋಡುತ್ತಿದ್ದರು. "ಹೊಲಗಿ ಬಿಚ್ಚಿಲ್ಲ," ಎಂದರು. "ಅರಿವಿ ಹರದೈತಿ, ಹೊಲಗಿ ಹಂಗ ಐತಿ. ನೋಡ್ರಿ." ಹೌದು, ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಆಮೇಲೆ ಅವರು ಹೇಳಿದರು. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ನಾ ಸಣ್ಣಾಕಿ ಇದ್ದಾಗ ಜ್ವಾಳದ ಹೊಲದಾಗ ಹಕ್ಕಿ ಕಾಯಾಕ ಅಟ್ಟ ಕಟ್ಟತಿದ್ವಿ. ನೆಳ್ಳಿಗಂತ ಮ್ಯಾಲ ಧೋತರ ಕಟ್ಟಿದ್ರ ಗಾಳಿ ಹಾರಿಸ್ಕೊಂಡು ಹೋಗತಿತ್ತು. ಮೂರು ಸಲ ಹಂಗಾತು. ಆಮ್ಯಾಲ ನಮ್ಮವ್ವ ಧೋತರ ಸೀಳಿ ಪಟ್ಟಿ ಮಾಡಿ, ಒಂದೊಂದು ಪಟ್ಟಿ ನಡುವ ಒಂದು ಗೇಣು ಜಾಗಾ ಬಿಟ್ಟು ಕಟ್ಟಿದ್ಲು. ನೆಳ್ಳೂ ಬೀಳತಿತ್ತು, ಗಾಳಿನೂ ತನ್ನ ದಾರಿ ತಾ ಹಿಡದು ಹೋಗತಿತ್ತು. ಗಾಳಿನ ನಿಲ್ಲಿಸೂದು ಯಾಕ? ಹೋಗಾಕ ಬಿಡ್ರಿ."

ಎತ್ತರದವಳು ಕಣ್ಣೊರೆಸಿಕೊಂಡು ಎದ್ದು ಬಂದಳು. "ಯವ್ವಾ, ಇದನ್ನ ಮೊದಲ ಯಾಕ ಹೇಳಲಿಲ್ಲ ನೀವು?"

"ನೀವು ಕೇಳಿದ್ದು ಹೊಲಿಯಾಕ ಬರತೈತೇನು ಅಂತ. ಗಾಳಿ ಸುದ್ದಿ ನನ್ನ ಯಾರು ಕೇಳಿದ್ರು?"

ಎಷ್ಟೋ ದಿನಗಳ ಮೇಲೆ ಎತ್ತರದವಳು ನನಗೆ ಹೇಳಿದಳು, ಐದು ವರ್ಷ ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಆ ಒಂದು ಮಾತು ಹೆಚ್ಚು ಕಲಿಸಿತು ಎಂದು.

ಆದರೆ ಪಟ್ಟಿ ಮಾಡಬೇಕೆಂದರೆ ಎರಡು ತಿಂಗಳ ಹೊಲಿಗೆಯನ್ನು ಬಿಚ್ಚಬೇಕು. ಕೋಣೆಯಲ್ಲಿ ಗದ್ದಲವೆದ್ದಿತು. "ನಮ್ಮ ಕೈಯಾಗ ಆಗಂಗಿಲ್ಲ," ಎಂದರು ಹಲವರು. ಅಷ್ಟರಲ್ಲಿ ಬಟ್ಟೆ ಹೊರಲು ನಮ್ಮ ಜೊತೆ ಬಂದಿದ್ದ ಉಳ್ಳಾಗಡ್ಡಿ ಮಾರುವವಳು ಕತ್ತರಿ ತೆಗೆದುಕೊಂಡು ಕೂತೇಬಿಟ್ಟಳು. ಆಕೆ ಅಲ್ಲಿಯವರೆಗೆ ಒಂದು ಹೊಲಿಗೆಯನ್ನೂ ಹಾಕಿದವಳಲ್ಲ. ಅವಳಿಗೆ ಪುರುಸೊತ್ತೇ ಇರಲಿಲ್ಲ. "ನಂಗ ಹೊಲಿಯಾಕ ಬರಂಗಿಲ್ಲ, ಬಿಚ್ಚಾಕ ಬರತೈತಿ. ಅರ್ಧ ದಿನ ನೆಳ್ಳಾಗ ಕುಂತೀನಿ ನಾ. ಉಳದರ್ಧ ನನಗ ಬೇಕು," ಎಂದಳು. ಅವಳ ನಂತರ ಒಬ್ಬೊಬ್ಬರೇ ಕೂತರು.

ಈ ಸಲ ಅತ್ತೆಯೇ ಮೇಸ್ತ್ರಿ. ಪಟ್ಟಿ ಎಷ್ಟು ಅಗಲ, ಯಾವ ದಿಕ್ಕಿಗೆ, ಯಾವ ತುದಿ ಬಿಗಿ, ಯಾವುದು ಸಡಿಲ, ಎಲ್ಲ ಅವರದೇ ಮಾತು. ಸಂತೆಯ ಜಾಗದಲ್ಲಿ ನಿಂತು ಒಂದು ಹಿಡಿ ಹೊಟ್ಟು ತೂರಿ ಅದು ಯಾವ ಕಡೆ ಹೋಗುತ್ತದೆಂದು ನೋಡಿದರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಇಳಿಹೊತ್ತಿಗೆ ಒಮ್ಮೆ. ಗಿಡ್ಡ ಕಲಾವಿದೆ ಅವರ ಹಿಂದೆ ಹಾಳೆ ಹಿಡಿದು ಗೆರೆ ಹಾಕುತ್ತಾ ಓಡಾಡಿದಳು. ನನ್ನ ಮಷೀನನ್ನು ಎಂದೂ ಮುಟ್ಟದಿದ್ದ ಅತ್ತೆ, "ಅಂಚಿಗೆ ಮಷೀನ್ ಹೊಲಗಿನ ಹಾಕು. ಗಾಳಿಗೆ ಅದ ಛಲೋ," ಎಂದಾಗ ನಾನು ಒಳಗೊಳಗೇ ಹಿಗ್ಗಿದೆ.

ಪಟ್ಟಿಗಳೆಲ್ಲ ಮುಗಿಯುವ ಹೊತ್ತಿಗೆ ಕಲಾವಿದೆಯರು ಇನ್ನೊಂದು ಮಾತು ತೆಗೆದರು. "ಇದನ್ನ ಮಾಡಿದವರು ಯಾರು ಅಂತ ಬರೀಬೇಕಲ್ರಿ. ನಮ್ಮಿಬ್ಬರದ ಹೆಸರು ಬರದರ ತಪ್ಪಾಗತೈತಿ. ಹೊಲಿದವರೆಲ್ಲಾ ತಮ್ಮ ತಮ್ಮ ಪಟ್ಟಿ ತುದಿಗೆ ತಮ್ಮ ಹೆಸರು ಹೊಲೀರಿ."

ಹೆಂಗಸರು ನಾಚಿಕೊಂಡರು. ನಮ್ಮ ಕಡೆ ಹೆಂಗಸನ್ನು ಇಂಥವನ ಹೆಂಡತಿ, ಇಂಥವಳ ತಾಯಿ ಎಂದೇ ಕರೆಯುತ್ತಾರೆ. ಹೆಸರು ಬರುವುದು ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ. ಬರೆಯಲು ಬಾರದವರಿಗೆ ನಾನು ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಡುತ್ತಿದ್ದೆ, ಅವರು ಅದರ ಮೇಲೆ ಹೊಲಿಯುತ್ತಿದ್ದರು. ಅತ್ತೆಯ ಸರದಿ ಬಂತು. ನಾನು ಕೇಳದೆಯೇ ಅವರ ಹೆಸರಿನ ಮೊದಲಕ್ಷರ ಬರೆದೆ.

"ಅದಲ್ಲ," ಎಂದರು ಅತ್ತೆ.

"ಮತ್ತೇನ್ರಿ ಅತ್ತಿ?"

ಅವರು ನನ್ನ ಕಿವಿಯ ಹತ್ತಿರ ಬಗ್ಗಿ ಒಂದು ಹೆಸರು ಹೇಳಿದರು. ನಾನು ಆ ಹೆಸರನ್ನು ನಮ್ಮ ಮನೆಯಲ್ಲಿ ಕೇಳಿದವಳೇ ಅಲ್ಲ. "ನಮ್ಮವ್ವ ಇಟ್ಟ ಹೆಸರು. ಲಗ್ನದಾಗ ಬದಲ ಮಾಡಿದ್ರು. ಈ ಮನ್ಯಾಗ ಅದ ಹೆಸರಿನಾಕಿ ಒಬ್ಬಾಕಿ ಮೊದಲ ಇದ್ಲಂತ. ಅವತ್ತಿನಿಂದ ನನ್ನ ಯಾರೂ ಹಂಗ ಕರೆದಿಲ್ಲ."

ಐವತ್ತು ವರ್ಷದ ಹತ್ತಿರ ಹತ್ತಿರ ಆಗಿತ್ತು. ನಾನು ಬರೆದೆ. ಅವರು ಕೆಂಪು ದಾರ ತೆಗೆದುಕೊಂಡು ಇಡೀ ಮಧ್ಯಾಹ್ನ ಕೂತು ಆ ನಾಲ್ಕು ಅಕ್ಷರ ಹೊಲಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಎಲ್ಲಿ ಬರೆಯಬೇಕೆಂದು ಆರಿಸಿಕೊಂಡವರು ಅವರು.

ಎರಡನೇ ಸಲ ಕಟ್ಟುವಾಗ ಸಂತೆಗೆ ಹಿಂದಿಗಿಂತ ಹೆಚ್ಚು ಜನ ಸೇರಿದ್ದರು. ಮತ್ತೆ ಬೀಳುವುದನ್ನು ನೋಡಲೆಂದೇ ಕೆಲವರು ಬಂದಿದ್ದರು. ಗಂಡ ಕಂಬದ ತುದಿಯಲ್ಲಿ ಒಂದೊಂದೇ ಪಟ್ಟಿ ಎಳೆದು ಕಟ್ಟುತ್ತಾ, ತುದಿಯ ಹೆಸರನ್ನು ಕೂಗಿ ಓದುತ್ತಿದ್ದರು. ಹೆಸರು ಬಂದಾಗಲೆಲ್ಲ ಕೆಳಗಿನಿಂದ ಆ ಹೆಂಗಸಿನ ಮನೆಯವರು ಸಿಳ್ಳೆ ಹಾಕುತ್ತಿದ್ದರು. ಕೇರಿಯ ಹೆಂಗಸಿನ ಹೆಸರಿಗೆ ಅವಳ ಜೊತೆ ಗಾರೆ ಕೆಲಸ ಮಾಡುವವರೆಲ್ಲ ಕೂಗಿದರು. ಒಂದು ಪಟ್ಟಿಯನ್ನು ಹಿಡಿದು ಗಂಡ ತಡೆದರು. ಎರಡು ಸಲ ಓದಿದರು.

"ಇದ್ಯಾರ ಹೆಸರು?" ಎಂದು ಮೇಲಿನಿಂದಲೇ ಕೇಳಿದರು. "ಈ ಹೆಸರಿನವರು ನಮ್ಮೂರಾಗ ಯಾರದಾರ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಜನರನ್ನು ಸರಿಸಿಕೊಂಡು ಕಂಬದ ಬುಡಕ್ಕೆ ಹೋಗಿ ನಿಂತರು. ತಲೆ ಎತ್ತಿ ಮಗನನ್ನು ನೋಡಿದರು.

"ನಂದು," ಎಂದರು.

ಗಂಡ ಕೆಳಗೆ ನೋಡಿದರು. ಆಮೇಲೆ ಎದೆ ತುಂಬ ಉಸಿರು ಎಳೆದುಕೊಂಡು ಸಂತೆಗೆಲ್ಲ ಕೇಳುವಂತೆ ಆ ಹೆಸರನ್ನು ಕೂಗಿದರು. ನಾನು ಆ ಸಂತೆಯಲ್ಲಿ ಜೋರಾಗಿ ಸಿಳ್ಳೆ ಹಾಕಿದೆ. ನನಗೆ ಸಿಳ್ಳೆ ಬರುತ್ತದೆಂದು ಗಂಡನಿಗೂ ಗೊತ್ತಿರಲಿಲ್ಲ. ಸಿದ್ದಾಪುರದ ಗದ್ದೆಯಲ್ಲಿ ಕಲಿತದ್ದು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಮಧ್ಯಾಹ್ನ ಗಾಳಿ ಬಂತು. ಪಟ್ಟಿಗಳು ಒಮ್ಮೆ ಎದ್ದು ಒಮ್ಮೆ ಇಳಿದವು. ನೆಲದ ಮೇಲೆ ನೆರಳು ಅತ್ತಿತ್ತ ಹೊಯ್ದಾಡಿತು. ಏನೂ ಹರಿಯಲಿಲ್ಲ. ಚಹಾದಂಗಡಿಯ ಮುಂದೆ ನಿಂತಿದ್ದವರು ಲೋಟ ಹಿಡಿದುಕೊಂಡು ಬಂದು ಕೆಳಗೆ ಕೂತರು.

ಆ ಚಪ್ಪರ ಈಗಲೂ ಇದೆ. ಮಳೆಗಾಲಕ್ಕೆ ಬಿಚ್ಚಿ ಸಾಲೆಯ ಕೋಣೆಯಲ್ಲಿ ಮಡಚಿಡುತ್ತೇವೆ, ಸವೆದ ಪಟ್ಟಿಗಳನ್ನು ತೆಗೆದು ಹೊಸದು ಹಾಕುತ್ತೇವೆ. ಕಲಾವಿದೆಯರು ಧಾರವಾಡಕ್ಕೆ ಹೋಗಿ ಕೂರಲಿಲ್ಲ. ಹೋದರು, ಮತ್ತೆ ಬಂದರು. ಯಲಬುರ್ಗಾದಲ್ಲಿ ಜನ ಬಸ್ಸಿಗೆ ಕಾಯುವಲ್ಲಿ, ಗಂಗಾವತಿಯಲ್ಲಿ ನಾಟಿ ಕೆಲಸಕ್ಕೆ ಹೋಗುವ ಹೆಂಗಸರು ಬೆಳಿಗ್ಗೆ ಸೇರುವ ಜಾಗದಲ್ಲಿ, ಹೀಗೆ ಒಂದೊಂದೇ ಕಡೆ ನೆರಳು ಕಟ್ಟಲು ನಾವು ಅವರ ಜೊತೆ ಹೋದೆವು. ಗಂಗಾವತಿಯಲ್ಲಿ ನನ್ನ ತವರಿನ ಹೆಂಗಸರೇ ಬಂದು ಕೂತರು. ಅರ್ಧ ತೆಲುಗು ಅರ್ಧ ಕನ್ನಡದ ಅವರ ಮಾತಿಗೆ ಅತ್ತೆ, "ನೀವು ಹೊಲಿಯೂದು ತಿಳಿತೈತಿ, ಹೇಳೂದು ತಿಳಿಯಂಗಿಲ್ಲ," ಎಂದು ತಮಾಷೆ ಮಾಡುತ್ತಿದ್ದರು.

ಕೊಪ್ಪಳದಲ್ಲಿ ಒಂದು ಸಲ ನಮ್ಮ ಕೆಲಸ ನೋಡಲು ಒಬ್ಬ ದೊಡ್ಡ ಅಧಿಕಾರಿ ಬಂದಿದ್ದರು. "ಇದರ ಆರ್ಟಿಸ್ಟ್ ಯಾರು?" ಎಂದು ಕೇಳಿದರು. ಇಂಥ ಪ್ರಶ್ನೆ ಬಂದಾಗ ನಾನು ಅಭ್ಯಾಸದಂತೆ ಹಿಂದೆ ಸರಿದು ಕಲಾವಿದೆಯರ ಕಡೆ ನೋಡುತ್ತಿದ್ದೆ. ಅಂದು ಅವರಿಬ್ಬರೂ ಒಟ್ಟಿಗೆ ನಮ್ಮ ಕಡೆ ಕೈ ತೋರಿಸಿದರು. ಅಧಿಕಾರಿ ನನ್ನ ಮುಂದೆ ಬಂದು ನಿಂತು ಕೈಮುಗಿದರು. ನಾನೂ ಕೈಮುಗಿದು, "ಹೌದ್ರಿ, ನಾವ ಮಾಡೀವಿ," ಎಂದೆ. ಹೇಳಿದ ಮೇಲೆ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಸಂಜೆ ಬಸ್ಸಿನಲ್ಲಿ ಬರುವಾಗ ಕಿಟಕಿಗೆ ತಲೆ ಆನಿಸಿ ಅದೇ ಮಾತನ್ನು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡೆ.

ಹೋದ ತಿಂಗಳು ಅಳವಂಡಿಗೆ ಹೋಗಿದ್ದೆವು. ಅತ್ತೆಗೆ ಈಗ ಮೊಣಕಾಲು ನೋವು. ಆದರೂ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಮುಂದಿನ ಸೀಟಿನಲ್ಲೇ ಕೂರಬೇಕು. ಅಲ್ಲಿ ನೀರಿನ ಟಾಕಿಯ ಪಕ್ಕ ಹೆಂಗಸರನ್ನು ಸೇರಿಸಿದೆವು. ಬಟ್ಟೆ, ಹೊಲಿಗೆ, ನೆರಳು ಎಂದು ಎಲ್ಲ ವಿವರಿಸಿದೆ. ಫೋಟೋ ತೋರಿಸಿದೆ. ಎಲ್ಲರೂ ಭಾಳ ಛಲೋ ಐತಿ ಎಂದರು. ಆಮೇಲೆ ಹಿಂದೆ ಕೂತಿದ್ದ ಒಬ್ಬ ವಯಸ್ಸಾದ ಹೆಂಗಸು ಕೈ ಎತ್ತಿದಳು.

"ಸಿಟ್ಟಾಗಬ್ಯಾಡ್ರಿ. ನಮಗ ನೆಳ್ಳಿಗೆ ಈ ಬೇವಿನಗಿಡ ಐತ್ರಿ. ಇಲ್ಲಿ ಕುಂದರಾಕ ಒಂದು ಕಟ್ಟಿ ಇಲ್ಲ. ನೀರಿಗೆ ಬಂದ್ರ ಕೊಡ ಇಟಗೊಂಡು ನಿಂತ ಇರತೀವಿ. ಗಂಡಸರಿಗೆ ಗುಡಿ ಕಟ್ಟಿ ಐತಿ, ಚಾದಂಗಡಿ ಐತಿ. ನಮಗೊಂದು ಕಟ್ಟಿ ಮಾಡಿಕೊಡ್ರಿ."

ನಾನು ಎತ್ತರದವಳ ಮುಖ ನೋಡಿದೆ. ಅವಳು ನಗುತ್ತಿದ್ದಳು. ನಮಗೆ ಯಾರಿಗೂ ಕಲ್ಲು ಕೂರಿಸಲು ಬರುವುದಿಲ್ಲ. ಕೇರಿಯ ನಮ್ಮ ಜೊತೆಗಾರ್ತಿ ಮಾತ್ರ, "ನನಗ ಬರತೈತಿ," ಎಂದು ಆಗಲೇ ಎದ್ದು ನಿಂತು ಕಾಲಿನಿಂದ ಜಾಗ ಅಳೆಯತೊಡಗಿದ್ದಳು.

"ಹಂಗಾದ್ರ ಕಟ್ಟಿನ ಕಟ್ಟೂಣು," ಎಂದರು ಅತ್ತೆ. "ಎಷ್ಟು ಎತ್ತರ ಬೇಕು ನೀವ ಹೇಳ್ರಿ. ನಮ್ಮ ಮೊಣಕಾಲಿಗೆ ಹೊಂದುವಂಗ ಇರಬೇಕು."

ಹೆಂಗಸರೆಲ್ಲ ಎದ್ದರು. ಒಬ್ಬೊಬ್ಬರೇ ಟಾಕಿಯ ಗೋಡೆಗೆ ಬೆನ್ನು ಹಚ್ಚಿ ನಿಂತು, ಕೂರುವಂತೆ ಅರ್ಧ ಬಗ್ಗಿ, "ಇಷ್ಟು," "ಇಲ್ಲ, ಇನ್ನೊಂದೀಟು ಕೆಳಗ," ಎಂದು ಕೂಗುತ್ತಿದ್ದರು. ನಾನು ಇದ್ದಿಲಿನಿಂದ ಗೋಡೆಯ ಮೇಲೆ ಅವರೆಲ್ಲರ ಅಳತೆ ಗುರುತು ಹಾಕಿಕೊಂಡೆ.